ಅಕ್ಕಿ ಹೇಳುವ ಚಾಡಿ

ಮರಳಿ ಬಂದ ಚೀಲಗಳನ್ನು ಮೂಸುವುದು ನನ್ನ ಕಸುಬಿನ ಅರ್ಧ.
ಸಕಾತಾ ಬಂದರಿನ ಈ ಅಂಗಡಿಯಲ್ಲಿ
ಮಾವ ಕಲಿಸಿಕೊಟ್ಟದ್ದು ಇಷ್ಟೇ:
ಅಂಗೈಯಲ್ಲಿ ಒಂದು ಹಿಡಿ, ಅದರ ಮೇಲೆ ಬಿಸಿಯುಸಿರು,
ಆಮೇಲೆ ಮೂಗು.
ಆಮೇಲೆ ಬಾಯಿ ಮುಚ್ಚಿಕೊಂಡಿರಬೇಕು.

ಅಕ್ಕಿಗೆ ಗುಟ್ಟು ನಿಲ್ಲುವುದಿಲ್ಲ.
ಸಿಂಕಿನ ಕೆಳಗಿಟ್ಟವರ ಬ್ಲೀಚು,
ಹೊಸ್ತಿಲ ಬಳಿ ಇಟ್ಟವರ ಸೀಮೆಎಣ್ಣೆ,
ಒಂದು ಚೀಲದಲ್ಲಿ ಬರೀ ಊದುಬತ್ತಿ, ನಲವತ್ತೊಂಬತ್ತು ದಿನದ್ದು.
ಅವರನ್ನು ಏನೂ ಕೇಳದೆ ಬದಲಿಸಿ ಕೊಟ್ಟೆ.

ಜನವರಿಯಲ್ಲಿ ತೊಗಾಶಿ ಬಂದ, ಹಿಮ ಕೊಡವುತ್ತ.
ಅರ್ಧ ಚೀಲ ಮೇಜಿಗೆ ಕುಕ್ಕಿ
'ಇದಕ್ಕೆ ಔಷಧಿ ಹೊಡೆದಿದ್ದೀರಿ' ಅಂದ.
ಕ್ರೇನು ಓಡಿಸಿ ನಿವೃತ್ತನಾದವನು,
ದನಿ ಇನ್ನೂ ಎತ್ತರದಿಂದಲೇ ಇಳಿಯುತ್ತದೆ.
ಉಸಿರು ಊದಿದೆ.
ನುಸಿಗುಳಿಗೆ.
ಫೆಬ್ರವರಿಯಲ್ಲೂ ಬಂದ. ಅದೇ.

ಮೂರನೆಯ ಚೀಲ ನಾನೇ ಹೊತ್ತುಕೊಂಡು ಹೋದೆ.
ಅಡುಗೆಮನೆಯಲ್ಲಿ ಇಲಿ ಎಂದು
ಅಕ್ಕಿಯನ್ನು ಹಾಸಿಗೆಯ ಬೀರುವಿನಲ್ಲಿಟ್ಟಿದ್ದ,
ಕಿಮೋನೋ ಪೆಟ್ಟಿಗೆಗೆ ಒರಗಿಸಿ.
ಹೆಂಡತಿಯವು. ಅವಳು ಅಕಿತಾದಲ್ಲಿದ್ದಾಳೆ, ಚೆನ್ನಾಗಿದ್ದಾಳೆ,
ಬೇರೆ ಹೆಸರಲ್ಲಿ, ಹನ್ನೊಂದು ವರ್ಷದಿಂದ.
'ಕೇಳಿ ಕಳಿಸಿದರೆ ಕೊಡಬೇಕಲ್ಲ,
ನುಸಿ ತಿಂದದ್ದನ್ನು ಹೇಗೆ ಕೊಡಲಿ?'
ಪ್ರತಿ ಚಳಿಗಾಲ ಹಳೆಯ ಗುಳಿಗೆ ತೆಗೆದು ಹೊಸದು.
ಆ ಕೋಣೆಯಲ್ಲಿ ನನ್ನ ಕಣ್ಣು ಉರಿಯುತ್ತಿತ್ತು;
ಅವನ ಮೂಗಿಗೆ ಏನೂ ಇಲ್ಲ.
ಕುಕ್ಕರಿನ ಮುಚ್ಚಳ ತೆಗೆದಾಗಷ್ಟೇ, ಹಬೆಯ ಜೊತೆ,
ಗೊತ್ತಾಗುತ್ತಿತ್ತಂತೆ.

ಎಂಟು ನೀರಲ್ಲಿ ತೊಳೆದೆ, ಅಂದ.
ತೊಳೆದರೆ ಹೋಗುವಂಥದ್ದಲ್ಲ, ಒಳಗೇ ಇಳಿದಿರುತ್ತದೆ.
ತಿಂದಿರಾ?
ಕ್ರೇನಿನ ದನಿ ನೆಲಕ್ಕೆ ಬಂತು:
ಎರಡೂ ಸಲ ಅರ್ಧ ಚೀಲ. ಅಗುಳು ಚೆಲ್ಲಬಾರದು ಅಂತ ಅಮ್ಮ...
ತಲೆನೋವು?
ಇತ್ತು. ಚಳಿಗೆ ಅಂದುಕೊಂಡೆ.

ಗದರಿಸಿ ದವಾಖಾನೆಗೆ ಅಟ್ಟಿದೆ, ಗುಳಿಗೆಯ ಪೊಟ್ಟಣವನ್ನೂ ಕೈಗಿತ್ತು.
ಹೊಸ ಅಕ್ಕಿ ಗಾಜಿನ ಭರಣಿಗೆ, ಭರಣಿ ಫ್ರಿಜ್ಜಿಗೆ.
ಬೀರುವಿನಲ್ಲಿ ಉಳಿದಿದ್ದದ್ದು ಗುಬ್ಬಿಗೂ ಬೇಡ, ಕೋಳಿಗೂ ಬೇಡ;
ಗುರುವಾರದ ಕಸಕ್ಕೆ ನಾನೇ ಕಟ್ಟಿಟ್ಟೆ,
ಗಂಟು ಹಾಕುವಾಗ ಮಾವನ ಮುಖ ನೆನಪಾಗಿ
ಎರಡನೇ ಗಂಟನ್ನೂ ಹಾಕಿದೆ.
ಪೆಟ್ಟಿಗೆಯ ವಿಷಯ ನಾನು ಎತ್ತಲಿಲ್ಲ.

ಏಪ್ರಿಲಿನಲ್ಲಿ ಬರಿಗೈಲಿ ಬಂದ.
ಬಹಳ ಹೊತ್ತು ಗೋಡೆಯ ದರಪಟ್ಟಿ ಓದಿದ.
'ಈಗಿನ ಅಕ್ಕಿಗೆ
ಏನೂ ವಾಸನೆಯೇ ಇಲ್ಲ' ಅಂದ.
ದೂರೋ, ಮೆಚ್ಚುಗೆಯೋ.
ಎರಡು ಕಿಲೋ ತೂಗಿದೆ.