ಐವತ್ತಾರು ಸಾವಿರದ ಲೆಕ್ಕ

ಗ್ರೀನ್ ಸ್ಟ್ರೀಟಿನ ಅಂಗಡಿಯವ ಎರಡನ್ನೂ ಎದುರಿಗಿಟ್ಟ:
ಒಂದು ಹದಿನಾಲ್ಕು ನೂರರದ್ದು, ಬರೀ ಹಸಿರು ಹಲಗೆ,
ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರುವಂಥದು;
ಇನ್ನೊಂದು ನಾಲ್ಕು ಸಾವಿರದ ಇನ್ನೂರು,
ಮೇಜಿನ ಮೇಲೆ ಕೂತು ಎಂಟು ಕೆಂಪು ಕಣ್ಣು ಮಿಟುಕಿಸುವಂಥದು.
"ಅದು ಮೂವತ್ಮೂರು, ಇದು ಐವತ್ತಾರು ಅಕ್ಕಾ," ಅಂದ.
ಏನು ಐವತ್ತಾರು ಎಂದರೆ ಅವನಿಗೂ ಗೊತ್ತಿಲ್ಲ.

ಬಾಂಗಡೆ ಆಗಿದ್ದರೆ ಕಿವಿರು ಎತ್ತಿ ನೋಡುತ್ತಿದ್ದೆ,
ಹೆಬ್ಬೆರಳು ಒತ್ತಿ, ಗುಳಿ ಉಳಿಯಿತೋ ಎದ್ದು ಬಂತೋ ಎಂದು.
ಇದಕ್ಕೆ ಎಲ್ಲಿ ಒತ್ತಬೇಕು?
ಮುಟ್ಟಿದರೆ "ವಾರಂಟಿ" ಎನ್ನುತ್ತಾನೆ.

ಬೈತಖೋಲಿನಲ್ಲಿ ನನ್ನ ಬೂತು, ಆರಡಿ ಎಂಟಡಿ.
ಎಸ್‌ಟಿಡಿ, ಐಎಸ್‌ಡಿ, ಝೆರಾಕ್ಸ್, ಈಚೆಗೆ
ಬಣ್ಣ ಇನ್ನೂ ಒಣಗದ ಅಕ್ಷರದಲ್ಲಿ ಇಂಟರ್‌ನೆಟ್.
ಒಳಗಿರುವುದು ಭಾವ ಬೇಡವೆಂದು ಕೊಟ್ಟ ಮೋಡೆಮ್, ಹದಿನಾಲ್ಕರದ್ದು.

ಫಿಲೂ ಫರ್ನಾಂಡಿಸಳ ಗಂಡ ಹಡಗಿನಲ್ಲಿ ಎರಡನೇ ಅಡುಗೆಯವ.
ಯಾವುದೋ ಬಂದರಿನಿಂದ ಒಂದು ಫೋಟೋ ಕಳಿಸಿದ್ದ.
ಮೇಲಿನಿಂದ ಇಳಿಯಿತು, ಚಾಪೆ ಬಿಚ್ಚಿದ ಹಾಗೆ:
ಮೊದಲು ಆಕಾಶ. ಮೂರು ನಿಮಿಷ ಬರೀ ಆಕಾಶ.
ಆಮೇಲೆ ಕೂದಲು, ಹಣೆ, ಹುಬ್ಬು.
ಹನ್ನೊಂದನೇ ನಿಮಿಷಕ್ಕೆ ಲೈನು ಕಟ್ಟಾಯಿತು.
"ಇರಲಿ ಗೋ ಸುಲಭಾ, ಹಣೆ ಸರಿ ಇದೆ,
ಪಟ್ಟಿ ಗಿಟ್ಟಿ ಏನೂ ಕಟ್ಟಿಲ್ಲ,"
ಎಂದು ಎದ್ದಳು, ಹನ್ನೊಂದು ನಿಮಿಷದ ದುಡ್ಡು ಎಣಿಸಿಟ್ಟಳು.
ಮೂರು ನಿಮಿಷದ ಆಕಾಶಕ್ಕೂ ದುಡ್ಡು ತಗೊಂಡವಳು ನಾನು.

ಅದಕ್ಕೇ ಈ ಲೆಕ್ಕ, ಐಸ್ ಫ್ಯಾಕ್ಟರಿ ಬಿಲ್ಲಿನ ಬೆನ್ನಿಗೆ:
ದಿನಕ್ಕೆ ಒಂಬತ್ತು ಸಲ ಕಟ್, ಮತ್ತೆ ಡಯಲಿಗೆ ಒಂದು ಇಪ್ಪತ್ತು,
ಭಾನುವಾರ ಬಿಟ್ಟರೆ ತಿಂಗಳಿಗೆ ಇನ್ನೂರ ಎಂಬತ್ತು.
ದುಬಾರಿಯದು ಕಡಿಯುವುದೇ ಇಲ್ಲ ಎಂದಿಟ್ಟುಕೊಂಡರೂ
ಹೆಚ್ಚಿಗೆ ಕೊಟ್ಟದ್ದು ಹುಟ್ಟಲು ಹತ್ತು ತಿಂಗಳು.
ಕೂಸೇ ಒಂಬತ್ತಕ್ಕೆ ಹುಟ್ಟುತ್ತದೆ.

ಲೈನ್‌ಮನ್ ಪುರ್ಸೊ ತಾಂಡೇಲ ಕಂಬ ಇಳಿದು ಬಂದು
ಚಹಾ ಬಸಿಗೆ ಸುರಿದುಕೊಳ್ಳುತ್ತ ನಕ್ಕ:
"ಐವತ್ತಾರೋ! ಸುಲಭಾಬಾಯಿ, ನಿಮ್ಮ ತಂತಿಗೆ ಏಳು ಗಂಟು,
ಗಂಟುಗಂಟಿಗೂ ಒಂದು ಚಿಟಿಕೆ ಉಪ್ಪು.
ಪಾತಿಗೆ ಎಷ್ಟೇ ದೊಡ್ಡ ಇಂಜಿನ್ ಕೂರಿಸಿ,
ಅಳಿವೆಯ ಮರಳು ಬಿಟ್ಟಷ್ಟೇ ಓಟ."

ಹದಿನಾಲ್ಕು ನೂರರದ್ದನ್ನೇ ತಂದೆ.
ಜೊತೆಗೆ ನಲವತ್ತು ಮೀಟರ್ ಹೊಸ ತಂತಿ, ಒಂದು ಡಬ್ಬಿ ಗ್ರೀಸು,
ಪುರ್ಸೊನಿಗೆ ಎರಡು ಇಸ್ವಾಣ (ಅದು ಬಿಲ್ಲಿನಲ್ಲಿಲ್ಲ).
ಆ ಕೆಂಪು ಕಣ್ಣುಗಳು ಬೇಕಿತ್ತು, ಸುಳ್ಳು ಹೇಳಲಾರೆ.
ಮೇಜಿನ ಮೇಲೆ ಅದೊಂದಿದ್ದರೆ
ಬೀಡಿಗೆ ಬೆಂಕಿ ಕೇಳಲು ಬಂದವನೂ ಬಗ್ಗಿ ನೋಡುತ್ತಿದ್ದ.

ಹೊಸದು ಮೊದಲ ಸಲ ಕಿರುಚಿತು,
ಟ್ರಾಲರಿನ ವಿಂಚಿಗೆ ಎಣ್ಣೆ ಬಿಟ್ಟಿಲ್ಲದ ಹಾಗೆ.
ಪರದೆಯ ಮೂಲೆಯಲ್ಲಿ ಮೂವತ್ತೊಂದು ಸಾವಿರದ ಇನ್ನೂರು.

ಗುರುವಾರ ಫಿಲೂ ಬಂದಳು, ಕೈಯಲ್ಲಿ ಪಾವಿನ ಪೊಟ್ಟಣ.
ಆಕಾಶ ಒಂದೂವರೆ ನಿಮಿಷಕ್ಕೇ ಮುಗಿಯಿತು.
ಹಣೆ, ಹುಬ್ಬು, ಕಣ್ಣು ("ನಿದ್ದೆಗೆಟ್ಟಿದ್ದಾನೆ"), ಮೂಗು,
ಮೀಸೆ, ಮೀಸೆಯಡಿ ನಗು, ಕೊರಳು,
ಅಂಗಿಯ ಮೊದಲ ಗುಂಡಿ.
ಅಲ್ಲಿಗೆ ನಿಂತಿತು.

ಅವಳು ಕುರ್ಚಿ ಮುಂದೆಳೆದುಕೊಂಡಳು.
"ಈ ಗುಂಡಿ ನಾನು ಹೊಲಿದದ್ದಲ್ಲ."
ಹೊರಗೆ ಯಾರೋ ಝೆರಾಕ್ಸಿಗೆ ಬಂದು ಗಾಜು ತಟ್ಟಿದರು.
"ಕೆಂಪು ದಾರ ನೋಡು. ನಮ್ಮನೆಯಲ್ಲಿ ಕೆಂಪು ದಾರವೇ ಇಲ್ಲ."

ಹಡಗಿನಲ್ಲೂ ದರ್ಜಿ ಇರಬಹುದು, ಎಂದೆ.
ಇರಬಹುದು, ಎಂದಳು.
"ಇನ್ನೂ ಕೆಳಗೆ ಬರ್ತದಾ?"

ಡಯಲ್ ಒತ್ತಿದೆ.
ಆ ಒಂದು ಇಪ್ಪತ್ತನ್ನು ಯಾರ ಲೆಕ್ಕಕ್ಕೂ ಬರೆಯಲಿಲ್ಲ.