ನಾಲ್ಕನೆಯವನು

ಬಾ ದ್ಯಾವಣ್ಣ, ಆ ಸ್ಟೂಲು ಎಳ್ಕೊ.
ಶಟರು ಅರ್ಧ ಇಳಿಸಿವ್ನಿ, ಬಗ್ಗಿ ಬಾ, ತಲೆ ಹುಷಾರು.
ಗುತ್ತಲು ರಸ್ತೇಲಿ ಒಂಬತ್ತೂವರೆ ಆದ್ಮೇಲೆ
ಒಡೆದ ಡಿಸ್‌ಪ್ಲೇ ಹಿಡ್ಕೊಂಡು ಯಾರೂ ಬರಲ್ಲ.

ಲೋಹಿತ ಮೈಸೂರಲ್ಲವ್ನೆ, ಹಾಸ್ಟೆಲ್ಲಿನ ಟ್ಯಾಂಕಿ ಪಕ್ಕ,
ಅಲ್ಲೊಂದೇ ಕಡೆ ನೆಟ್ಟು ಸಿಗೋದು.
ಜಬೀನಾ ಕಲ್ಲಹಳ್ಳೀಲಿ, ಮಗು ಮಲಗ್ಸಿ ಈಗ ಬಂದ್ಲು.
ನಾಲ್ಕನೆಯವ್ನು ಸೀನ.
ಕಾರ್ಖಾನೆ ಕಬ್ಬು ಅರೆಯೋಕೆ ಶುರುವಾಯ್ತಲ್ಲ,
ನೈಟ್ ಡ್ಯೂಟಿ. ಇನ್ನು ಅವ್ನು ನಮಗಿಲ್ಲ.

ಅದಕ್ಕೇ ನಿನ್ನ ಕರೆದದ್ದು.
ಎದುರುಗಡೆ ಬ್ಯಾಂಕಿನ ಬಾಗಿಲಲ್ಲಿ ಹತ್ತೊಂಬತ್ತು ವರ್ಷ
ಜೋಡುನಳಿಗೆ ಕೋವಿ ಹೆಗಲಿಗೆ ಹಾಕ್ಕೊಂಡು ನಿಂತೋನು,
ಒಂದು ಫೋನು ಹಿಡಿಯೋಕೆ ಕೈ ಯಾಕೆ ನಡುಗ್ತದೆ?

ಕೇಳು. ಇದು ಹೆಬ್ಬೆಟ್ಟಿನ ಆಟ ಅಲ್ಲ, ಕಿವಿ ಆಟ.
ಇಯರ್‌ಫೋನು ಎರಡೂ ಕಡೆ ಸಿಕ್ಕಿಸ್ಕೊ.
ಎಡ ಬಲ ಅದಲುಬದಲಾದ್ರೆ ಸತ್ತೆ ಅಂತಲೇ ಲೆಕ್ಕ.
ಸಿಮೆಂಟಿನ ಮೇಲೆ ಹೆಜ್ಜೆ ಒಂದು ಥರ,
ತಗಡಿನ ಮೇಲೆ ಇನ್ನೊಂದು ಥರ,
ಹುಲ್ಲಲ್ಲಿ, ನಾಲೆ ಏರಿ ಮೇಲೆ ಇಲಿ ಸರಿದಂಗೆ.
ಓಡಬ್ಯಾಡ. ಓಡೋನ ಸದ್ದು ಊರಿಗೆಲ್ಲ ಕೇಳ್ತದೆ.

ಒಬ್ಬನೇ ಹೋಗಬ್ಯಾಡ.
ರಾತ್ರಿ ಗದ್ದೆಗೆ ನೀರು ತಿರುಗ್ಸೋಕೆ ಹೋಗಲ್ವ,
ಒಬ್ಬನ ಕೈಲಿ ಬ್ಯಾಟರಿ, ಒಬ್ಬನ ಕೈಲಿ ಗುದ್ದಲಿ, ಹಂಗೆ.
ಯಾವಾಗ್ಲೂ ನಿನ್ನ ಮುಂದೆ ಒಂದು ಬೆನ್ನು ಕಾಣ್ತಿರಬೇಕು.
ಆ ಬೆನ್ನು ಜಬೀನಂದಾದ್ರೆ ಕಷ್ಟ, ಅವಳು ನುಗ್ಗೋ ಪೈಕಿ.

ಗುಂಡು ಖಾಲಿ ಆಗೋ ಮುಂಚೆ ಗೋಡೆ ಹುಡುಕು.
ಬಯಲಲ್ಲಿ ನಿಂತು ಗುಂಡು ತುಂಬ್ಕೊಳ್ಳೋನೂ
ಹೈವೇ ಮಧ್ಯೆ ಚಪ್ಪಲಿ ಉಂಗುಷ್ಠ ಸರಿಮಾಡ್ಕೊಳ್ಳೋನೂ
ಒಂದೇ.

ಸತ್ತರೆ ಬೈಬ್ಯಾಡ. ಸತ್ತೋನಿಗೂ ಕೆಲಸ ಅದೆ.
ಎಲ್ಲಿಂದ ಹೊಡೆದ, ಅದನ್ನ ಹೇಳು.
ಅಲ್ಲಿ ಅಲ್ಲಿ ಅಂತ ಕಿರುಚ್ತಾನೆ ಲೋಹಿತ.
ಅಲ್ಲಿ ಅಂದ್ರೆ ಎಲ್ಲಿ? ಬನ್ನೂರಲ್ಲೋ?
ನೀಲಿ ಬಾಗಿಲು, ಮಹಡಿ, ಒಬ್ಬ. ಇಷ್ಟು ಸಾಕು.

ಕೊನೆಗೆ ಯಾರು ಎಷ್ಟು ಜನರನ್ನ ಹೊಡೆದ್ರು ಅಂತ ಪಟ್ಟಿ ಬರ್ತದೆ.
ನೋಡ್ಬ್ಯಾಡ. ನಂದು ಎರಡೋ ಮೂರೋ ಇರ್ತದೆ.
ನಾನು ಬಿದ್ದೋರ್ನ ಎಬ್ಬಿಸೋಳು, ಅದಕ್ಕೆ ಅಂಕ ಕಮ್ಮಿ.
ಅಂಗಡೀಲೂ ಹಂಗೇ ಬಿಡು,
ಬಾವಿಗೆ ಬಿದ್ದ ಫೋನು ಬದುಕ್ಸಿ ಕೊಟ್ರೆ
ಮುನ್ನೂರಕ್ಕೆ ಚೌಕಾಸಿ.

ಹೂಂ, ಒತ್ತು. ಅದಲ್ಲ, ಅದರ ಪಕ್ಕದ್ದು.

*

ಮೊದಲನೇ ಆಟ ಪೂರ್ತಿ ದ್ಯಾವಣ್ಣ ಆಕಾಶ ನೋಡಿದ.
ಎರಡನೇದರಲ್ಲಿ ನನ್ನ ಕಾಲಿಗೇ ಬಾಂಬು ಎಸೆದ.
ಜಬೀನಾ ನಕ್ಕೂ ನಕ್ಕೂ ಮಗು ಎದ್ದುಬಿಡ್ತು.
ಮೂರನೇದರಲ್ಲಿ ಗೋದಾಮಿನ ಬಾಗಿಲ ಹತ್ರ ನಿಂತು
"ನಾನು ಇಲ್ಲೇ ಇರ್ಲಾ?" ಅಂದ.
ಇರು ಅಂದೆ. ಇನ್ನೇನು ಅನ್ನೋದು.

ನಾವು ಮೂರೂ ಜನ ಒಳಗೆ ಬಿದ್ದೆವು, ಒಬ್ಬರ ಹಿಂದೆ ಒಬ್ಬರು.
ಉಳಿದದ್ದು ಹನ್ನೊಂದು ಸೆಕೆಂಡು, ಒಂದು ಬಾಗಿಲು,
ಬಾಗಿಲಿಗೆ ದ್ಯಾವಣ್ಣ.
ನಾನು ಉಸಿರು ಬಿಗಿಹಿಡಿದು ಅವನ ಸ್ಕ್ರೀನಿಗೇ ಬಗ್ಗಿದೆ.

ಅವನು ಅಲುಗಾಡಲಿಲ್ಲ.
ಮೀಸೆ ಕೂಡ.
"ಎಡಗಡೆ ಮೆಟ್ಲು, ಇಬ್ಬರು" ಅಂದ ಮೆತ್ತಗೆ,
"ಹಿಂದಿನೋನು ಅನುಮಾನದ ಗಿರಾಕಿ."
ಆಮೇಲೆ ಅವರು ಎದುರಿಗೇ ಬಂದಾಗ
ಗಂಟಲು ಸರಿಮಾಡ್ಕೊಂಡು, ಜೋರಾಗಿ:
"ಊಟದ ಟೈಮು. ಎರಡೂವರೆ ಮೇಲೆ ಬನ್ನಿ."

ಮೈಕು ಎಲ್ಲರಿಗೂ ತೆರೆದೇ ಇತ್ತು,
ಮುಚ್ಚೋದು ಹೇಳ್ಕೊಡೋಕೆ ನಾನೇ ಮರೆತಿದ್ದೆ.
ಆ ಕಡೆ ಯಾರೋ ಹುಡುಗ, ಯಾವ ಊರೋ,
ಕನ್ನಡ ಬರ್ತದೋ ಇಲ್ವೋ, ಕಿಸಕ್ ಅಂದ.
ಕಿಸಕ್ ಅನ್ನೋಷ್ಟರಲ್ಲಿ ಗಡಿಯಾರ ಸೊನ್ನೆಗೆ ಬಂತು.

"ಗುಂಡು ಯಾಕೆ ಹಾರಿಸಲಿಲ್ಲ ದ್ಯಾವಣ್ಣ?"

"ಬ್ಯಾಂಕಲ್ಲೂ ಹಾರಿಸಿಲ್ಲ ಕಣವ್ವ"
ಅಂತ ಫೋನು ಒರೆಸಿ ನನ್ನ ಕೈಗಿಟ್ಟು,
ನಾಳೆ ಎಷ್ಟೊತ್ತಿಗೆ ಅಂತ ಕೇಳ್ಕೊಂಡು ಹೊರಟ.

ತಲೆ ಹುಷಾರು ಅನ್ನೋಕೆ ಮರೆತೆ.
ಶಟರು ಡಣ್ ಅಂತು.