ಇಪ್ಪತ್ತನೆಯ ಬೀಜ

ರೆಂಬೆ ಬಲಿಯುವವರೆಗೆ ಕಾಯುವ ತಾಳ್ಮೆಯಿಲ್ಲ ಇದಕ್ಕೆ,
ಕಾಂಡದ ತೊಗಟೆಯನ್ನೇ ಒಡೆದು ಹೂ ಬಿಡುತ್ತದೆ,
ಉಗುರಿನಷ್ಟು ಹೂ. ಜೇನು ತಿರುಗಿಯೂ ನೋಡುವುದಿಲ್ಲ.
ಕೊಳೆತ ತರಗೆಲೆಯಲ್ಲಿ ಹುಟ್ಟಿದ ನುಸಿಗೆ ಮಾತ್ರ
ಅದರ ಬಾಗಿಲು ಗೊತ್ತು.
'ಹೊಡೆಯಬೇಡ,' ಅನ್ನುತ್ತಿದ್ದಳು ಅಜ್ಜಿ ಪೆತ್ರೋನ, ನನ್ನ ಕೈ ಹಿಡಿದು,
'ನಿನ್ನ ಸ್ಕೂಲಿನ ಫೀಸು ಅದರ ರೆಕ್ಕೆಯ ಮೇಲಿದೆ.'

ಕಹಾಬೋನ್ ಹೊಳೆಯ ಈಚೆ ದಡದಲ್ಲಿ
ನಮ್ಮದು ನೂರಾ ಹದಿನಾಲ್ಕು ಮರ.
ಕಕಾವ್ ಅಂದರೆ ಏನು ಅಂತ
ಕೊಳ್ಳುವವನ ಜೊತೆ ಬಂದ ಸ್ಪೇನಿನ ಹುಡುಗ ಕೇಳಿದ.
ಅಜ್ಜಿ ಉತ್ತರ ಕೊಡಲಿಲ್ಲ.
ಮೇಲಿನ ಬುರುಡೆಯಿಂದ ಕೆಳಗಿನ ಬುರುಡೆಗೆ
ನೊರೆಯೇಳುವಂತೆ ಸುರಿದಳು, ಎತ್ತಿ ಮತ್ತೆ ಸುರಿದಳು.
ಅವನು ಕುಡಿದು ಮುಖ ಕಿವುಚಿದ.
'ಸಕ್ಕರೆ?'
'ಅದು ನಿಮ್ಮ ಹಡಗಿನಲ್ಲಿ ಬಂದದ್ದು.'

ಒಂದು ಕಾಲಕ್ಕೆ ಈ ಬೀಜವೇ ದುಡ್ಡು.
ಒಂದಕ್ಕೆ ಒಂದು ಟೊಮೆಟೊ, ನೂರಕ್ಕೆ ಒಂದು ಟರ್ಕಿ ಕೋಳಿ.
ದುಡ್ಡಿದ್ದಲ್ಲಿ ಖೋಟಾ ಇರಬೇಕಲ್ಲ:
ಸಿಪ್ಪೆ ಬಿಡಿಸಿ, ತಿರುಳು ತಿಂದು,
ಮಣ್ಣು ತುಂಬಿ ಅಂಟಿಸುತ್ತಿದ್ದರಂತೆ ಜಾಣರು.
ಸಂತೆಯ ಹೆಂಗಸು ಹೆಬ್ಬೆರಳಲ್ಲಿ ಒತ್ತಿ ನೋಡಿಯೇ
ಸೆರಗಿಗೆ ಹಾಕಿಕೊಳ್ಳುತ್ತಿದ್ದಳಂತೆ.
ಅಜ್ಜಿ ಈಗಲೂ ಒತ್ತುತ್ತಾಳೆ, ನಾಣ್ಯವನ್ನು ಕೂಡ.

ಅಜ್ಜ ತಿಬುರ್ಸಿಯೊ ಒತ್ತಿ ನೋಡಿದವನಲ್ಲ.
ಬೀಜ ಒಣಗಿಲ್ಲ ಅಂದರು, ಒಪ್ಪಿದ.
ತಕ್ಕಡಿ ಸರಿಯಿದೆ ಅಂದರು, ಅದಕ್ಕೂ ಒಪ್ಪಿದ.
ಐವತ್ತು ವರ್ಷ, ಹುಳಿ ನಾರುವ ಪೆಟ್ಟಿಗೆಯಲ್ಲಿ
ಬಾಳೆಲೆ ಹೊದಿಸಿ ಬೀಜವನ್ನು ಬೆವರಿಸಿದವನು
ಚಾಕೊಲೇಟಿನ ಬಾರು ತಿಂದದ್ದು ಒಂದೇ ಸಲ,
ಕೋಬಾನಿನ ಆಸ್ಪತ್ರೆಯಲ್ಲಿ, ನರ್ಸು ಕೊಟ್ಟದ್ದು.
'ಚೆನ್ನಾಗಿದೆ. ಯಾವ ಹಣ್ಣಿನದು?' ಅಂದ.
ತಮಾಷೆಯೋ, ಜ್ವರವೋ,
ಇವತ್ತಿಗೂ ತಿಳಿಯದು.

ಮೊನ್ನೆ ಅವನನ್ನು ಹೊರುವ ಮುಂಚೆ
ಧೂಪದ ಹೊಗೆಯಲ್ಲಿ ಕೂತು
ದಾರಿಯ ಖರ್ಚಿಗೆಂದು ಬೀಜ ಎಣಿಸಿದಳು ಅಜ್ಜಿ.
ನಮ್ಮ ಲೆಕ್ಕ ಇಪ್ಪತ್ತರದು:
ಕೈಬೆರಳು ಕಾಲ್ಬೆರಳು ಸೇರಿದರೆ ಒಬ್ಬ ಮನುಷ್ಯ.
ಹತ್ತೊಂಬತ್ತಕ್ಕೆ ನಿಲ್ಲಿಸಿ
ಮಡಿಲಿಂದ ಬೇರೆಯೇ ಒಂದನ್ನು ತೆಗೆದಳು.
ಒತ್ತಿದೆ. ಹೆಬ್ಬೆರಳ ಕೆಳಗೆ ಕುಸಿಯಿತು.
'ಅಜ್ಜೀ, ಇದರಲ್ಲಿ ಮಣ್ಣಿದೆ.'
'ಶ್! ಇಡೀ ಜನ್ಮ ಮೋಸ ಹೋದ.
ಒಮ್ಮೆಯಾದರೂ ಮಾಡಲಿ.'

ಆಮೇಲೆ ಅವನ ಬೆರಳು ಒಂದೊಂದೇ ಮಡಿಸುತ್ತ,
ನನಗಲ್ಲ, ಅವನಿಗೆ,
'ಹೊಳೆಯ ಕಡೆಯದು,' ಅಂದಳು,
'ಮೂರನೇ ಸಾಲಿನ ಬುಡದ್ದು.'